ನೀಲವ್ವನ ಹೆಬ್ಬೆಟ್ಟಿನ ಠೇವಣಿ

೨೦೦೫ರ ಜೂನ್‌ನಲ್ಲಿ ನಾನು ರೋಣದ ಶಾಖೆಗೆ ಮ್ಯಾನೇಜರನಾಗಿ ಹೋದೆ. ಆಗ ನನಗೆ ಐವತ್ಮೂರು ವರ್ಷ. ನಮ್ಮ ಬ್ಯಾಂಕಿನಲ್ಲಿ ಆ ಶಾಖೆಯನ್ನು ಬಾಯಿಬಿಟ್ಟು ಕೇಳಿ ಪಡೆದವರು ನನ್ನ ಹಿಂದೆ ಯಾರೂ ಇರಲಿಲ್ಲವಂತೆ. ವರ್ಗಾವಣೆಯ ಕೋರಿಕೆ ನೋಡಿದ ಪ್ರಾದೇಶಿಕ ಕಚೇರಿಯ ಅಧಿಕಾರಿ, ನಾನು ಊರಿನ ಹೆಸರನ್ನು ತಪ್ಪಿ ಬರೆದಿರಬೇಕೆಂದು ಫೋನ್ ಮಾಡಿ ವಿಚಾರಿಸಿದ್ದರು. ತಪ್ಪಿರಲಿಲ್ಲ. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಗಳು ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು. ಹಾವೇರಿಯ ಮನೆಯಲ್ಲಿ ಹೆಂಡತಿಯ ಕನ್ನಡಕ, ಅರ್ಧ ಹೆಣೆದ ಸ್ವೆಟರ್, ಚಹಾದ ಲೋಟ ಎಲ್ಲವೂ ಇಟ್ಟಲ್ಲೇ ಇದ್ದವು. ತೆಗೆದಿಡಲು ಕೈ ಬರಲಿಲ್ಲ, ನೋಡುತ್ತ ಕೂರಲೂ ಆಗಲಿಲ್ಲ. ಬೀಗ ಹಾಕಿ ಬಂದುಬಿಟ್ಟೆ.

ರೋಣದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹಗಲು ಹೇಗೋ ಸಾಗುತ್ತಿತ್ತು. ಬ್ಯಾಂಕಿನಲ್ಲಿ ಜನರಿಗೇನೂ ಬರವಿಲ್ಲ. ಸಂಜೆ ಆರಕ್ಕೆ ಶಟರ್ ಇಳಿಸಿದ ಮೇಲೆ ನನ್ನ ಹೆಸರು ಹಿಡಿದು ಕರೆಯುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಖಾನಾವಳಿಯಲ್ಲಿ ಎರಡು ರೊಟ್ಟಿ ತಿಂದು, ರೇಡಿಯೊ ಹಚ್ಚಿ, ಅದು ಏನು ಹೇಳುತ್ತಿದೆಯೆಂದು ಕೇಳದೆ ಮಲಗುತ್ತಿದ್ದೆ. ಭಾನುವಾರಗಳು ಇನ್ನೂ ಕಷ್ಟ. ಎಷ್ಟೋ ಭಾನುವಾರ ಕೆಲಸವಿಲ್ಲದಿದ್ದರೂ ಬ್ಯಾಂಕಿನ ಬಾಗಿಲು ತೆಗೆದು ನನ್ನ ಕುರ್ಚಿಯಲ್ಲಿ ಹೋಗಿ ಕುಳಿತದ್ದುಂಟು. ಕ್ಯಾಶಿಯರ್ ನದಾಫ್ ಅವರ ಮನೆ ಎದುರಿಗೇ ಇತ್ತು. ಅವರು ಕಿಟಕಿಯಿಂದ ನೋಡಿ, ‘ಸಾಹೇಬ್ರು ಭಾಳ ಕೆಲಸದವ್ರು’ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಆ ಕಾಲದ ಬಡ್ಡಿಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ೨೦೦೫ರಲ್ಲಿ ಠೇವಣಿಯ ದರಗಳು ನೆಲ ಕಚ್ಚಿದ್ದವು. ಒಂದು ವರ್ಷಕ್ಕೆ ಇಡುವ ಎಫ್.ಡಿ.ಗೆ ನಮ್ಮಲ್ಲಿ ಶೇಕಡಾ ಐದೂಮುಕ್ಕಾಲು. ಅವಧಿ ಕಡಿಮೆಯಾದಂತೆ ದರವೂ ಕಡಿಮೆ. ಅರವತ್ತು ದಾಟಿದವರಿಗೆ ಅರ್ಧ ಪರ್ಸೆಂಟ್ ಹೆಚ್ಚು. ಪಕ್ಕದ ಊರಿನ ಬ್ಯಾಂಕು ಕಾಲು ಪರ್ಸೆಂಟ್ ಜಾಸ್ತಿ ಎಂದು ಬೋರ್ಡ್ ಹಾಕಿದರೆ ಸಾಕು, ನಮ್ಮ ಗಿರಾಕಿಗಳು ಅವಧಿ ಮುಗಿದ ದಿನವೇ ಹಣ ಎತ್ತಿಕೊಂಡು ಅಲ್ಲಿಗೆ ನಡೆಯುತ್ತಿದ್ದರು. ಅವರನ್ನು ಹಿಡಿದಿಡಲು ದೀಪಾವಳಿಗೂ ಮಾರ್ಚ್ ಹತ್ತಿರ ಬಂದಾಗಲೂ ಉಡುಗೊರೆಯ ಯೋಜನೆಗಳು ಶುರುವಾಗುತ್ತಿದ್ದವು. ನಾವು ಗೋಡೆ ಗಡಿಯಾರ ಕೊಡುತ್ತಿದ್ದೆವು. ಗಜೇಂದ್ರಗಡದ ಇನ್ನೊಂದು ಬ್ಯಾಂಕಿನವರೂ ಮರುವರ್ಷ ಗಡಿಯಾರವನ್ನೇ ಕೊಟ್ಟರು, ನರಗುಂದದ ಮತ್ತೊಬ್ಬರೂ ಬಿಡಲಿಲ್ಲ. ರೋಣ ತಾಲೂಕಿನಲ್ಲಿ ಆಗ ಗಡಿಯಾರವಿಲ್ಲದ ಗೋಡೆ ಇರಲಿಲ್ಲ. ಸರಿಯಾದ ವೇಳೆ ತೋರಿಸುವ ಗಡಿಯಾರವೂ ಇರಲಿಲ್ಲ.

ನೀಲವ್ವ ಮತ್ತು ಈರಣ್ಣ ಮೊದಲ ಸಲ ನನ್ನ ಕ್ಯಾಬಿನ್ನಿಗೆ ಬಂದದ್ದು ಅದೇ ವರ್ಷದ ದೀಪಾವಳಿ ಕಳೆದ ಮೇಲೆ. ಈರಣ್ಣನಿಗೆ ನರಗುಂದದ ಪೇಟೆಯಲ್ಲಿ ಕಾಳಿನ ವ್ಯಾಪಾರ. ನಲವತ್ತರ ಆಸುಪಾಸಿನ, ಮಾತಿನಲ್ಲೂ ತೂಕ ಮಾಡಿ ಕೊಡುವ ಮನುಷ್ಯ. ನೀಲವ್ವ ಅವನ ತಾಯಿಯ ತಂಗಿ. ಅವನ ಬಾಯಲ್ಲಿ ‘ಚಿಗವ್ವ’. ಅಸೂಟಿಯಲ್ಲಿ ಗಂಡನ ಜೊತೆ ಹಿಟ್ಟಿನ ಗಿರಣಿ ನಡೆಸಿದವರು, ಗಂಡ ಹೋದ ಮೇಲೆ ಒಬ್ಬರೇ ನಡೆಸಿದವರು. ಮಕ್ಕಳಿರಲಿಲ್ಲ. ಅರವತ್ತೆಂಟರ ವಯಸ್ಸಿಗೆ ಪಟ್ಟಾ ಎಳೆದು ಯಂತ್ರ ಶುರು ಮಾಡುವ ಶಕ್ತಿ ಉಡುಗಿತ್ತು. ಯಂತ್ರವನ್ನು ಮಾರಿ, ಇದ್ದಬದ್ದದ್ದನ್ನು ಕೂಡಿಸಿ ಮೂರು ಲಕ್ಷ ರೂಪಾಯಿ ತಂದಿದ್ದರು. ಅಷ್ಟೇ ಅವರ ಆಸ್ತಿ.

ಈರಣ್ಣ ಕುರ್ಚಿಯಲ್ಲಿ ಕೂಡುವ ಮೊದಲೇ ಮಾತು ಶುರು ಮಾಡಿದ.

“ನರಗುಂದದಾಗ ಐದೂವರಿ ಕೊಡ್ತಾರ್ರಿ, ಗಜೇಂದ್ರಗಡದಾಗ ಆರು. ನೀವು ಎಷ್ಟ ಕೊಡ್ತೀರಿ?”

ಮೂರು ಊರಿನ ಎಲ್ಲ ಬ್ಯಾಂಕುಗಳ ದರವೂ ಅವನ ನಾಲಿಗೆಯ ತುದಿಯಲ್ಲಿತ್ತು. ನನಗೆ ಒಳಗೇ ಸಿಟ್ಟು ಬಂತು. ಈ ಜಾತಿಯ ಗಿರಾಕಿಗಳನ್ನು ನಾನು ಬಲ್ಲೆ. ಕಾಲು ಪರ್ಸೆಂಟಿಗಾಗಿ ಒಂದು ತಾಸು ಚೌಕಾಸಿ ಮಾಡಿ, ಕೊನೆಗೆ ಬೇರೆ ಕಡೆ ಹೋಗುವವರು. ಆದರೂ ಹಿರಿಯರ ಅರ್ಧ ಪರ್ಸೆಂಟನ್ನು ಸೇರಿಸಿ ಹೇಳಿದೆ. ಒಪ್ಪಿದರು. ಅವಧಿ ಎಷ್ಟು ಎಂದು ಕೇಳಿದಾಗ ನೀಲವ್ವ ಮೊದಲ ಸಲ ಬಾಯಿ ತೆರೆದರು.

“ಭಾಳ ದಿನದ್ದ ಬ್ಯಾಡ್ರಿ ಸಾಹೇಬ್ರ. ಮೂರು ತಿಂಗಳದ್ದ ಮಾಡ್ರಿ.”

“ಮೂರು ತಿಂಗಳದ್ದಕ್ಕ ಬಡ್ಡಿ ಕಡಿಮಿ ಆಗ್ತದವ್ವಾ. ವರ್ಷದ್ದ ಮಾಡಿದ್ರ ಚಲೋ.”

“ಇರಲಿ ಬಿಡ್ರಿ. ನಡುವ ಬೇಕಾಗ್ತಾವು.”

ಈರಣ್ಣ ತಕರಾರು ಮಾಡುತ್ತಾನೆ ಎಂದುಕೊಂಡೆ. ಅವನು ಚಿಗವ್ವನ ಮುಖ ನೋಡಿ, “ಆಕಿ ಹೇಳಿದ್ಹಾಂಗ ಮಾಡ್ರಿ” ಎಂದ. ಕಾಲು ಪರ್ಸೆಂಟಿಗೆ ಮೂರು ಊರು ಸುತ್ತಿದವನು, ಅವಧಿಯ ಮಾತಿನಲ್ಲಿ ಅದಕ್ಕಿಂತ ಹೆಚ್ಚನ್ನು ಬಿಟ್ಟುಕೊಟ್ಟಿದ್ದ. ಲೆಕ್ಕ ಬರದ ವ್ಯಾಪಾರಿ ಎಂದು ಮನಸ್ಸಿನಲ್ಲೇ ನಕ್ಕೆ.

ಮುಂದೆ ಸಹಿಯ ಪ್ರಶ್ನೆ. ಸಹಿ ಮಾಡುವವರಿಗೆ ಒಂದು ಅನುಕೂಲವಿದೆ: ಅವರು ಮನೆಯಲ್ಲೇ ಸಹಿ ಹಾಕಿ ರಸೀದಿಯನ್ನು ಮನೆಯವರ ಕೈಲಿ ಕೊಟ್ಟು ಕಳಿಸಿದರೂ ಕೆಲಸ ಆಗುತ್ತದೆ. ಹೆಬ್ಬೆಟ್ಟು ಒತ್ತುವವರಿಗೆ ಆ ಅನುಕೂಲವಿಲ್ಲ. ಪ್ರತಿ ಸಲವೂ ಅವರು ಖುದ್ದಾಗಿ ಬರಬೇಕು, ಅಧಿಕಾರಿಯ ಕಣ್ಣೆದುರು ಒತ್ತಬೇಕು. ಅವರಿಗೆ ಮೋಸವಾಗಬಾರದೆಂದು ಮಾಡಿದ ನಿಯಮ. ಇದನ್ನೆಲ್ಲ ಬಿಡಿಸಿ ಹೇಳುವುದು ನನ್ನ ಕೆಲಸ, ಹೇಳಿದೆ. ಆಮೇಲೆ ಕೇಳಿದೆ:

“ನಿಮಗ ಸಹಿ ಬರ್ತದೇನವ್ವಾ?”

ನೀಲವ್ವ ಈರಣ್ಣನನ್ನೊಮ್ಮೆ ನೋಡಿದರು.

“ಇಲ್ರಿ,” ಎಂದರು ನೀಲವ್ವ. “ನಂದು ಹೆಬ್ಬಟ್ಟ.” ಈರಣ್ಣ ಎದ್ದು ಹೋಗಿ ಗೋಡೆಯ ಮೇಲಿನ ದರದ ಬೋರ್ಡನ್ನು ಓದತೊಡಗಿದ, ಅದರಲ್ಲಿ ಅವನಿಗೆ ಗೊತ್ತಿಲ್ಲದ ಒಂದು ಅಂಕಿಯೂ ಇರಲಿಲ್ಲ.

ಜಂಟಿ ಹೆಸರಿನ ಠೇವಣಿ. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದೆಂದು ಬರೆದರೆ ನಿಮಗೆ ಓಡಾಟ ತಪ್ಪುತ್ತದೆ ಎಂದೆ. ಅದಕ್ಕೂ ಬೇಡವೆಂದರು. ತಾನು ಇರುವತನಕ ತಾನೊಬ್ಬಳೇ, ಆಮೇಲೆ ಈರಣ್ಣ ಎಂದು ಬರೆಸಿದರು. ಮುದುಕಿ ಗಟ್ಟಿ ಇದ್ದಾಳೆ, ಅಕ್ಕನ ಮಗನನ್ನೂ ನಂಬುವವಳಲ್ಲ ಎಂದು ತಿಳಿದೆ. ನದಾಫ್ ಶಾಯಿಯ ಪ್ಯಾಡ್ ತಂದರು. ನೀಲವ್ವ ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ನಾವು ಕೊಟ್ಟ ಗಡಿಯಾರವನ್ನು ಎದೆಗವಚಿಕೊಂಡು ಹೊರಟರು. ಈರಣ್ಣನ ಮೋಟಾರ್‌ಸೈಕಲ್ಲಿನ ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತು, ಗಜೇಂದ್ರಗಡದ ದಾರಿ ಹಿಡಿದರು. ಅಸೂಟಿಯ ದಾರಿ ಅದಲ್ಲವಲ್ಲ ಎಂದೆ. ನದಾಫ್ ನಕ್ಕು, “ಅಲ್ಲಿ ರೇಟ್ ಏರೇತೇನಂತ ನೋಡಾಕ ಹೊಂಟಾರ್ರಿ” ಎಂದರು. ಇಲ್ಲಿ ಇಟ್ಟ ಮೇಲೆ ಅಲ್ಲಿ ನೋಡಿ ಏನು ಮಾಡುತ್ತಾರೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಮೂರು ತಿಂಗಳಿಗೊಮ್ಮೆ ಅವರು ಬರುವುದು ಪದ್ಧತಿಯಾಯಿತು. ನೀಲವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಮದುವೆಗೆ ಹೊರಟವರಂತೆ ಬರುತ್ತಿದ್ದರು. ಕೈಯಲ್ಲಿ ನನಗೆಂದು ಜೋಳದ ಹಿಟ್ಟಿನ ಒಂದು ಸಣ್ಣ ಡಬ್ಬಿ. ಅದರ ಮೈಮೇಲೆ ಸುಣ್ಣದ ಬಳಪದಲ್ಲಿ ‘ಬ್ಯಾಂಕ ಸಾಹೇಬ್ರು’ ಎಂದು ದುಂಡಗೆ ಬರೆದಿರುತ್ತಿತ್ತು. ಬೀಸಿದ ಗಿರಣಿಯವರು ಬರೆದಿರಬೇಕೆಂದುಕೊಂಡಿದ್ದೆ.

“ಒಬ್ಬರ ಇರ್ತೀರಂತ ನದಾಫ್ ಹೇಳಿದ್ರು,” ಎನ್ನುತ್ತಿದ್ದರು. “ಈ ಹಿಟ್ಟು ನಮ್ಮ ಗಿರಣೀದಲ್ರಿ, ಬ್ಯಾರೆದವ್ರದು. ಕಲ್ಲು ಕಾಯಿಸಿ ಬೀಸ್ತಾರ. ಹಿಟ್ಟಿಗೆ ಜಿಗಿ ಇರೂದಿಲ್ಲ, ರೊಟ್ಟಿ ಹರೀತದ. ನಮ್ಮದಿದ್ದಿದ್ರ ನೋಡಬೇಕಿತ್ತು ನೀವು.”

ರೊಟ್ಟಿ ಬಡಿಯಲು ನನಗೆಲ್ಲಿ ಬರಬೇಕು! ಖಾನಾವಳಿಗೆ ಕೊಟ್ಟು ಮಾಡಿಸಿಕೊಳ್ಳುತ್ತಿದ್ದೆ. ರೊಟ್ಟಿ ಹರಿಯುತ್ತಿತ್ತೋ ಇಲ್ಲವೋ ನೆನಪಿಲ್ಲ. ಯಾರೋ ನನ್ನ ಹೆಸರಿಗೆಂದು ತೆಗೆದಿಟ್ಟ ಹಿಟ್ಟು ಎಂಬುದಷ್ಟೇ ಆ ರಾತ್ರಿಗಳಿಗೆ ದೊಡ್ಡದಾಗಿತ್ತು.

೨೦೦೬ರಲ್ಲಿ ಗಜೇಂದ್ರಗಡದವರು ಕಾಲು ಪರ್ಸೆಂಟ್ ಏರಿಸಿದಾಗ ಠೇವಣಿ ಅಲ್ಲಿಗೆ ಹೋಯಿತು. ನಾನು ಆಸೆ ಬಿಟ್ಟಿದ್ದೆ. ಆದರೆ ಮೂರು ತಿಂಗಳಾಗುತ್ತಲೇ ಇಬ್ಬರೂ ನನ್ನ ಬಾಗಿಲಲ್ಲಿ ಹಾಜರು. ಅಲ್ಲಿಗೆ ಹೋಗುವ ಮೊದಲು ಇಲ್ಲಿಯ ದರ ಏರಿದೆಯೇ ನೋಡಲು ಬಂದಿದ್ದರಂತೆ. ಏರಿರಲಿಲ್ಲ. ಚಹಾ ಕುಡಿದು ಹೊರಟರು. ಮತ್ತೊಂದು ಸಲ ನರಗುಂದಕ್ಕೆ ಒಯ್ದರು, ೨೦೦೭ರಲ್ಲಿ ಪುನಃ ನಮ್ಮಲ್ಲಿಗೆ ತಂದರು. ಹಣ ಎಲ್ಲೇ ಇರಲಿ, ಮೂರು ತಿಂಗಳಿಗೊಮ್ಮೆ ಮೂರು ಊರೂ ಸುತ್ತುತ್ತಿದ್ದರು. ಗಜೇಂದ್ರಗಡದ ಪೇಟೆಯಲ್ಲಿ ಗಿರಮಿಟ್, ಮಿರ್ಚಿ ಭಜಿ ತಿಂದು ಕತ್ತಲಾಗುವ ಮೊದಲು ನೀಲವ್ವನನ್ನು ಅಸೂಟಿಗೆ ಬಿಟ್ಟು ಈರಣ್ಣ ನರಗುಂದಕ್ಕೆ ಮರಳುತ್ತಿದ್ದ. ಇಷ್ಟು ಜಿಪುಣ ಮನುಷ್ಯನನ್ನು ನಾನು ಸರ್ವಿಸಿನಲ್ಲೇ ಕಂಡಿಲ್ಲ ಎಂದು ಒಮ್ಮೆ ನದಾಫ್ ಎದುರು ಹೇಳಿದೆ. ಅವರು ಹಣ ಎಣಿಸುತ್ತಿದ್ದವರು ತಲೆ ಎತ್ತಲಿಲ್ಲ.

೨೦೦೮ರ ಕೊನೆಯ ಹೊತ್ತಿಗೆ ಎಲ್ಲವೂ ತಲೆಕೆಳಗಾಯಿತು. ಬ್ಯಾಂಕುಗಳಿಗೆ ಹಣದ ಅಭಾವ ಬಂದು ದರಗಳು ಏರುತ್ತ ಏರುತ್ತ ಹತ್ತು ಮುಟ್ಟಿದವು. ನಮ್ಮಲ್ಲಿ ಮೂರು ವರ್ಷದ ವಿಶೇಷ ಠೇವಣಿ ಬಂತು: ಶೇಕಡಾ ಹತ್ತು, ಹಿರಿಯರಿಗೆ ಹತ್ತೂವರೆ. ಇಷ್ಟು ವರ್ಷದ ಅನುಭವದಿಂದ ನನಗೆ ಗೊತ್ತಿತ್ತು, ಇದು ಹೆಚ್ಚು ದಿನ ನಿಲ್ಲುವ ದರವಲ್ಲ. ಈಗ ಮೂರು ವರ್ಷಕ್ಕೆ ಕಟ್ಟಿ ಹಾಕಿದರೆ ಹೊರಗೆ ದರ ಎಷ್ಟೇ ಇಳಿಯಲಿ, ಇವರಿಗೆ ಹತ್ತೂವರೆ ತಪ್ಪದು. ನೀಲವ್ವನ ಠೇವಣಿ ಅದೇ ವಾರ ಮುಗಿಯುತ್ತಿತ್ತು. ಅವರ ಬದುಕಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬಾರದು. ಈರಣ್ಣ ಕುಣಿದು ಒಪ್ಪುತ್ತಾನೆ ಎಂದು ನಾನೇ ಅರ್ಜಿ ತುಂಬಿಸಿಟ್ಟು ಕಾದೆ.

ಬಂದರು. ವಿವರಿಸಿದೆ.

“ಮೂರು ವರ್ಷ?” ಎಂದರು ನೀಲವ್ವ.

“ಮೂರು ವರ್ಷ ನೀವು ಈ ಕಡೆ ತಲಿ ಹಾಕೂದ ಬ್ಯಾಡ್ರಿ. ಆರಾಮ ಮನ್ಯಾಗ ಇರ್ರಿ.”

“ಬ್ಯಾಡ್ರಿ. ಮೂರು ತಿಂಗಳದ್ದ ಮಾಡ್ರಿ.”

ಈರಣ್ಣನ ಕಡೆ ತಿರುಗಿದೆ. “ನೀವರ ಹೇಳ್ರಿ. ಕಾಲ್ ಪರ್ಸೆಂಟಿಗೆ ಊರೂರ ತಿರಗ್ತೀರಿ. ಇಲ್ಲಿ ಇಷ್ಟ ದೊಡ್ಡದು ಬಿಟ್ಟಕೊಡ್ತೀರೇನು?”

ಅವನು ನೆಲ ನೋಡಿಕೊಂಡು, “ಆಕಿ ಹೇಳಿದ್ಹಾಂಗ” ಎಂದ. ಅದೇ ಹಳೆಯ ಮಾತು.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಒಂದು ವಾರ ಯೋಚನೆ ಮಾಡಿ ಬನ್ನಿ ಎಂದು ಕಳಿಸಿದೆ. ಗಿರಾಕಿ ಬೇಡವೆಂದ ಮೇಲೆ ಬಿಡುವುದು ಬ್ಯಾಂಕಿನವನ ಲಕ್ಷಣ. ಆದರೆ ಈ ಹೆಂಗಸು ತನ್ನ ಕೈಯಾರೆ ಕಳೆದುಕೊಳ್ಳುತ್ತಿದ್ದಾಳೆ ಎಂಬುದು ನನ್ನ ತಲೆ ಬಿಟ್ಟು ಹೋಗಲಿಲ್ಲ. ಭಾನುವಾರ ಹೇಗೂ ನನಗೆ ಕೆಲಸವಿರಲಿಲ್ಲ. ಟಂಟಂ ಹತ್ತಿ ಅಸೂಟಿಗೆ ಹೋದೆ.

ಗಿರಣಿ ನೀಲವ್ವನ ಮನೆ ಎಂದರೆ ಚಿಕ್ಕ ಮಕ್ಕಳೂ ತೋರಿಸಿದರು. ಮುಂದಿನ ಕೋಣೆಯೇ ಗಿರಣಿ. ಈಗ ಅಲ್ಲಿ ಸಿಮೆಂಟಿನ ಕಟ್ಟೆಯೊಂದೇ ಉಳಿದಿತ್ತು, ಅದರ ಮೇಲೆ ಯಂತ್ರವನ್ನು ಬಿಗಿದಿದ್ದ ನಾಲ್ಕು ಬೋಲ್ಟುಗಳು ಚಾಚಿಕೊಂಡಿದ್ದವು. ಗೋಡೆಯ ಮೇಲೆ ಮೂರು ಬ್ಯಾಂಕಿನ ಮೂರು ಗಡಿಯಾರಗಳು, ಮೂರು ಬೇರೆ ಬೇರೆ ವೇಳೆ. ಆ ಮನೆಯಲ್ಲಿ ಅವುಗಳ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ದಿನವಿಡೀ ಯಂತ್ರದ ಸದ್ದು, ಜನರ ಗದ್ದಲ, ಡಬ್ಬಿಗಳ ಸಾಲಿನ ನಡುವೆ ನಲವತ್ತು ವರ್ಷ ಬಾಳಿದವರು ಈ ಸದ್ದನ್ನು ಕೇಳುತ್ತ ಹೇಗೆ ಕೂಡುತ್ತಾರೋ ಎಂದುಕೊಂಡೆ. ನನ್ನ ಹಾವೇರಿಯ ಮನೆಯೂ ಈಗ ಹೀಗೇ ಇರಬೇಕು.

ನೀಲವ್ವ ನನಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ನನ್ನ ಹಿಟ್ಟಿನ ಡಬ್ಬಿ. ಬಳಪ ಹಿಡಿದು, ಅಳಿಸಿದ ‘ಬ್ಯಾಂಕ ಸಾಹೇಬ್ರು’ವನ್ನು ಮತ್ತೆ ತಿದ್ದಿ ಬರೆಯುತ್ತಿದ್ದರು. ಕೈ ನಡುಗಲಿಲ್ಲ, ತಡವರಿಸಲಿಲ್ಲ. ನಮ್ಮ ಬ್ಯಾಂಕಿನ ಅರ್ಧ ಸಿಬ್ಬಂದಿಗಿಂತ ಅಂದದ ಅಕ್ಷರ.

ನಾನು ಕೆಮ್ಮಿದೆ. ತಿರುಗಿ ನೋಡಿದರು. ಬಳಪವನ್ನು ಸೀರೆಯ ಸೆರಗಿನಲ್ಲಿ ಮುಚ್ಚಿದರು.

“ಬರ್ರಿ ಸಾಹೇಬ್ರ. ಕೂಡ್ರಿ. ಚಾ ಮಾಡ್ತೀನಿ.”

ಬರೆಯಲು ಬರುವವರು ಹೆಬ್ಬೆಟ್ಟು ಒತ್ತಬಾರದು ಎಂದು ನಾನು ಓದಿದ ಯಾವ ಸುತ್ತೋಲೆಯಲ್ಲೂ ಇಲ್ಲ. ಅಂಥದ್ದು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಏನೂ ಕಾಣದವನ ಹಾಗೆ ಕೂತು, ಚಹಾ ಬಂದ ಮೇಲೆ ಬಂದ ವಿಷಯ ಎತ್ತಿದೆ. ಈ ದರ ಇಳಿಯುತ್ತದೆ, ಆಮೇಲೆ ಸಿಗುವುದಿಲ್ಲ ಎಂದೆ.

“ಇಳೀಲಿ ಬಿಡ್ರಿ,” ಎಂದರು. “ಮೂರು ವರ್ಷ ನನ್ನ ರೊಕ್ಕ ನಿಮ್ಮ ತಿಜೋರ್ಯಾಗ ಕುಂತಿರ್ತದ, ಖರೇ. ನಾ ಎಲ್ಲಿ ಕುಂದರ್ಲಿ ಸಾಹೇಬ್ರ? ಇಲ್ಲೆ ಕುಂದರಬೇಕಲ್ರಿ.”

ಬಾಯಿಯವರೆಗೆ ಒಯ್ದ ಲೋಟ ಹಾಗೇ ನಿಂತಿತು. ಮೂರು ವರ್ಷ ನಾನು ಅವರನ್ನು ಹಟಮಾರಿ, ಅಕ್ಕನ ಮಗನನ್ನೂ ನಂಬದವರು ಎಂದುಕೊಂಡಿದ್ದೆ. ಅವರು ಹೆಬ್ಬೆಟ್ಟು ಒತ್ತಿದ್ದು ಹಣ ಕಾಯಲು ಅಲ್ಲ. ಸಹಿ ಎಂದಿದ್ದರೆ ಈರಣ್ಣ ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಹೆಬ್ಬೆಟ್ಟು ಎಂದದ್ದಕ್ಕೆ ಅವರನ್ನು ಕೂರಿಸಿಕೊಂಡು ಬರಬೇಕಾಗಿತ್ತು.

ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ್ದು ಆ ಕ್ಷಣಕ್ಕೆ ಉಪಯೋಗಕ್ಕೆ ಬಂತು. ಅದೇ ಮೂರು ವರ್ಷದ ಠೇವಣಿಗೆ ತಿಂಗಳ ಬಡ್ಡಿಯ ಸೌಲಭ್ಯವೂ ಇತ್ತು. ಬಡ್ಡಿಯನ್ನು ಕೊನೆಗೆ ಒಟ್ಟಾಗಿ ಕೊಡುವ ಬದಲು ತಿಂಗಳು ತಿಂಗಳು ಉಳಿತಾಯ ಖಾತೆಗೆ ಹಾಕುವುದು. ಅದನ್ನು ಹೇಳಿದೆ.

“ತಿಂಗಳಾ ಎರಡೂವರಿ ಸಾವಿರ ಚಿಲ್ಲರ ಬರ್ತದ್ರಿ. ಆದ್ರ ಒಂದ ತೊಂದರಿ ಅದ. ಸಹಿ ಮಾಡೋರಾದ್ರ ಚೀಟಿ ಕೊಟ್ಟ ಕಳಿಸಿದ್ರ ನಡೀತದ. ನೀವು ಹೆಬ್ಬಟ್ಟಿನವ್ರು. ಪ್ರತಿ ತಿಂಗಳಾ ಖುದ್ದ ಬರಬೇಕಾಗ್ತದ.”

ನೀಲವ್ವ ತಮ್ಮ ಬೆರಳಿಗೆ ಅಂಟಿದ ಬಳಪದ ಪುಡಿಯನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ನಾನು ಗಡಿಯಾರಗಳ ಕಡೆ ತಿರುಗಿದೆ.

“ತಿಂಗಳಾ ಅಂದ್ರ ಈರಣ್ಣಗ ತ್ರಾಸ ಆಗೂದಿಲ್ಲೇನ್ರಿ?”

“ರೂಲ್ ಅದಾವ್ರಿ. ಏನ ಮಾಡೂದು.”

“ರೂಲ್ ಅಂದ್ಮ್ಯಾಲ ಬರಬೇಕು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಈ ವಿಷಯ ಈರಣ್ಣನಿಗೆ ತಿಳಿಯಬಾರದು ಎಂದು ಅವರು ಹೇಳಲಿಲ್ಲ. ಹೇಳದಿದ್ದರೂ ಕಾಪಾಡಿಕೊಳ್ಳಬೇಕಾದ ಗುಟ್ಟೆಂದು ನಾನೇ ಭಾವಿಸಿದೆ.

ಠೇವಣಿಯಾಯಿತು. ಹೊಸ ವರ್ಷ ಬಂದು ದರಗಳು ಜಾರತೊಡಗಿದವು, ನೀಲವ್ವನ ಹತ್ತೂವರೆ ಮಾತ್ರ ಅಲುಗಾಡಲಿಲ್ಲ. ಪ್ರತಿ ತಿಂಗಳ ಹನ್ನೆರಡನೆಯ ತಾರೀಖು ಅವರು ಬರುತ್ತಿದ್ದರು. ಭಾನುವಾರ ಬಿದ್ದರೆ ಹದಿಮೂರು. ಹಣ ಎಣಿಸಿಕೊಂಡ ಮೇಲೆ ನನ್ನ ಕ್ಯಾಬಿನ್ನಿನಲ್ಲಿ ಕೂತು, ಯಾರ ಮನೆಯ ಜೋಳ ಹೇಗಿರುತ್ತಿತ್ತು, ಯಾವ ಸೊಸೆ ಅತ್ತೆಗೆ ಗೊತ್ತಿಲ್ಲದೆ ಗೋದಿ ಬೀಸಿಸುತ್ತಿದ್ದಳು, ಎಲ್ಲ ಹೇಳುತ್ತಿದ್ದರು. ಈರಣ್ಣನೂ ಆ ಕಥೆಗಳಿಗೆ ಬಾಯಿ ಹಾಕಿ ನಗುತ್ತಿದ್ದ. ನದಾಫ್ ಮಿರ್ಚಿ ತರಿಸುತ್ತಿದ್ದರು. ಹನ್ನೆರಡನೆಯ ತಾರೀಖು ಗದಗಿನಲ್ಲಿ ಮೀಟಿಂಗ್ ಇದೆ ಎಂದರೆ ನಾನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಾಲ್ಕು ವರ್ಷಕ್ಕೆ ಮುಗಿಯಬೇಕಿದ್ದ ನನ್ನ ಪೋಸ್ಟಿಂಗನ್ನೂ ಕೇಳಿ ಮುಂದುವರಿಸಿಕೊಂಡೆ. ಪ್ರಾದೇಶಿಕ ಕಚೇರಿಯಿಂದ ಮತ್ತೆ ಫೋನ್ ಬಂತು, ಖರೆಯೇನೆಂದು. ಸಂಜೆಗಳು ಮಾತ್ರ ಬದಲಾಗಲಿಲ್ಲ. ಹದಿಮೂರರ ಸಂಜೆ ಎಲ್ಲಕ್ಕಿಂತ ಖಾಲಿ.

೨೦೧೦ರ ಶ್ರಾವಣದಲ್ಲಿ ಒಂದು ಹನ್ನೆರಡನೆಯ ತಾರೀಖು ಈರಣ್ಣ ಒಬ್ಬನೇ ಬಂದ. ಕೈಯಲ್ಲಿ ಹಿಟ್ಟಿನ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು ಕೂತ. ಬಳಪದ ಅಕ್ಷರ ಹೊಸದಾಗಿಯೇ ಇತ್ತು.

“ಚಿಗವ್ವ ಹ್ವಾದಳ್ರಿ,” ಎಂದ. “ಎಂಟ ದಿನಾತು. ಮಲಕೊಂಡಲ್ಲೆ. ಇದನ್ನ ತುಂಬಿ ಇಟ್ಟಿದ್ಲು.”

ಹೆಂಡತಿ ಹೋದಾಗ ಬಂದವರಿಗೆಲ್ಲ ನೀರು ಕೊಟ್ಟು, ಕುರ್ಚಿ ಕೊಟ್ಟು, ಅಳದೆ ಕಳಿಸಿದವನು ನಾನು. ಆ ಡಬ್ಬಿಯ ಮುಂದೆ ಅತ್ತುಬಿಟ್ಟೆ. ನದಾಫ್ ಬಂದು ಬಾಗಿಲು ಎಳೆದುಕೊಂಡು ಹೋದರು.

ಸ್ವಲ್ಪ ಸುಧಾರಿಸಿಕೊಂಡು ಕೆಲಸದ ಮಾತು ತೆಗೆದೆ. ಠೇವಣಿ ಈಗ ಅವನದು, ಹೆಚ್ಚಿನ ಕಾಗದವೇನೂ ಬೇಕಿರಲಿಲ್ಲ. ಮೃತರ ಹೆಬ್ಬೆಟ್ಟು ಎಂದೇನೋ ಹೇಳುತ್ತಿದ್ದೆ, ಈರಣ್ಣ ತಡೆದ.

“ಆಕಿಗೆ ಸಹಿ ಬರ್ತಿತ್ರೀ ಸಾಹೇಬ್ರ.”

ನಾನು ಪೆನ್ನು ಕೆಳಗಿಟ್ಟೆ.

“ನಂಗ ಅಕ್ಷರಾ ಕಲಿಸಿದಾಕಿನ ಆಕಿ. ಸಾಲಿ ಸೂಟಿಗೆ ಅಸೂಟಿಗೆ ಬಂದಾಗ ಗಿರಣ್ಯಾಗ ಕುಂದರ್ಸಿ, ಡಬ್ಬಿ ಮ್ಯಾಲಿನ ಹೆಸರ ಓದಸ್ತಿದ್ಲು. ಅವತ್ತ ಇಲ್ಲಿ ಹೆಬ್ಬಟ್ಟ ಅಂದ್ಲಲ್ರಿ, ನಾ ಎದ್ದ ಹೋಗಿ ಬೋರ್ಡ್ ನೋಡಾಕತ್ತಿದ್ನಿ. ನಕ್ಕರ ಆಕಿಗೆ ನಾಚಿಕಿ ಆದೀತಂತ.”

“ಮತ್ತ ನೀವು ಸುಮ್ಮ ಹೋಗಿ ನೋಡಿ ಬರಬಹುದಿತ್ತಲ್ರಿ? ಬ್ಯಾಂಕ್ ಯಾಕ ಬೇಕಿತ್ತು?”

“ಬಿಡಾಕಿ ಅಲ್ರಿ ಆಕಿ. ಸುಮ್ಮ ಕುಂದ್ರಾಕ ಬಂದೀನಿ ಅಂದ್ರ, ‘ಅಂಗಡಿ ಬಿಟ್ಟ ಯಾಕ ಬಂದಿ? ದಂಧೆ ಮಾಡೋರ ಲಕ್ಷಣೇನ ಇದು? ಹೋಗ’ ಅಂತ ಎಬ್ಬಿಸಿ ಕಳಸ್ತಿದ್ಲು. ಚಾನೂ ಕೊಡ್ತಿದ್ದಿಲ್ಲ. ಬ್ಯಾಂಕಿನ ಕೆಲಸಾ ಅಂದ್ರ ಸೀರಿ ಉಟ್ಟ ಬಾಗಲದಾಗ ನಿಂತಿರ್ತಿದ್ಲು.” ಅವನು ಡಬ್ಬಿಯ ಮೇಲೆ ಕೈ ಇಟ್ಟ, ಅಕ್ಷರ ಅಳಿಸದಂತೆ ಅಂಚಿಗೆ. “ಮೂರು ಲಕ್ಷಕ್ಕ ಕಾಲ್ ಪರ್ಸೆಂಟ್ ಅಂದ್ರ ಮೂರು ತಿಂಗಳಿಗೆ ನೂರಾ ಎಂಬತ್ತೇಳ ರೂಪಾಯಿ. ಮೂರೂರ ತಿರಗಾಕ ಪೆಟ್ರೋಲಿಗೆ ಅದರಕಿಂತ ಹೆಚ್ಚ ಹೋಗ್ತಿತ್ತು. ನಾ ವ್ಯಾಪಾರಸ್ಥ ಅದೀನ್ರಿ. ನಂಗ ತಿಳಿಯೂದಿಲ್ಲೇನು?”

ಲೆಕ್ಕ ಬರದ ವ್ಯಾಪಾರಿ ಎಂದು ನಕ್ಕಿದ್ದು ನೆನಪಾಯಿತು. ಅವನು ಅರಿತೇ ನಷ್ಟ ಮಾಡಿಕೊಳ್ಳುತ್ತಿದ್ದ. ನೀಲವ್ವ ತಮ್ಮ ಒಂಟಿತನವನ್ನು ಅವನೆದುರು ಬಾಯಿಬಿಟ್ಟು ಹೇಳಲಾರದೆ ಹೆಬ್ಬೆಟ್ಟು ಒತ್ತುತ್ತಿದ್ದರು, ಅದು ತನಗೆ ಗೊತ್ತೆಂದು ಅವರಿಗೆ ಗೊತ್ತಾಗಬಾರದೆಂದು ಅವನು ದರ ಕೇಳುತ್ತಿದ್ದ. ಇಬ್ಬರ ನಡುವೆ ಕೂತು, ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಕಾಪಾಡುತ್ತಿದ್ದೇನೆಂದು ನಾನು ನಂಬಿಕೊಂಡಿದ್ದೆ.

ಠೇವಣಿಯನ್ನು ಅವನ ಹೆಸರಿಗೆ ಮಾಡಿದೆ. ತಿಂಗಳ ಬಡ್ಡಿಯನ್ನು ಹಾಗೇ ಮುಂದುವರಿಸಿ ಎಂದ.

“ನಿಮ್ಮದು ಸಹಿ ಅದಲ್ರಿ,” ಎಂದೆ. “ನೀವು ಬರೂದ ಬ್ಯಾಡ. ನರಗುಂದದ ಖಾತೆಗೆ ಇಲ್ಲಿಂದನ ಕಳಸ್ತೀವಿ.”

ಎದ್ದು ನಿಂತವನು ಬಾಗಿಲ ಹತ್ತಿರ ತಡೆದ. ಗೋಡೆಯ ಮೇಲಿನ ದರದ ಬೋರ್ಡಿನ ಕಡೆ ನೋಡಿದ.

“ಬ್ಯಾಡ್ರಿ. ಹನ್ನೆರಡಕ್ಕ ಬರ್ತ ಇರ್ತೀನಿ. ರೇಟ್ ಏರಿದ್ರ ನೋಡಬೇಕಲ್ರಿ.”

ಆ ವರ್ಷದ ಕೊನೆಗೆ ನನಗೆ ವರ್ಗವಾಗುವವರೆಗೂ ಅವನು ಬಂದ. ಖಾಲಿ ಡಬ್ಬಿಯನ್ನು ಹಿಂದಿರುಗಿಸಲು ಮರೆತವನಂತೆ ಇದ್ದುಬಿಟ್ಟೆ, ಅವನೂ ಕೇಳಲಿಲ್ಲ.

೨೦೧೨ರಲ್ಲಿ ನಿವೃತ್ತನಾಗಿ ಹಾವೇರಿಯ ಮನೆಯ ಬೀಗ ತೆಗೆದೆ. ಒಳ್ಳೆಯ ಬಡ್ಡಿ ಎಲ್ಲಿ ಸಿಗುತ್ತದೆ ಎಂದು ಪರಿಚಯದವರು ಈಗಲೂ ನನ್ನನ್ನು ಕೇಳುತ್ತಾರೆ. ಹೇಳುತ್ತೇನೆ. ಅವಧಿ ನೋಡಿ, ಹಿರಿಯರ ಅರ್ಧ ಪರ್ಸೆಂಟ್ ಬಿಡಬೇಡಿ, ಉಡುಗೊರೆಗೆ ಮರುಳಾಗಬೇಡಿ, ಅವಧಿಗೆ ಮೊದಲೇ ಮುರಿದರೆ ಎಷ್ಟು ಕಡಿತ ಎಂದು ಕೇಳಿಕೊಳ್ಳಿ. ಎಲ್ಲವೂ ಸರಿಯಾದ ಸಲಹೆಗಳೇ. ಆದರೆ ಕೌಂಟರಿನ ಆಚೆ ನಿಂತವರು ಕೇಳುತ್ತಿರುವುದು ದರವನ್ನೋ, ಅಥವಾ ನಾಲ್ಕು ಮಾತಿನ ನೆಪವನ್ನೋ ಎಂದು ಮೊದಲು ಕಂಡುಕೊಳ್ಳಬೇಕು. ನೌಕರಿ ನನಗೆ ಕಲಿಸಿದ್ದು ಇದನ್ನು, ಅದೂ ತಡವಾಗಿ.

ನನ್ನ ಸ್ವಂತ ಠೇವಣಿಯೂ ಒಂದಿದೆ, ಮನೆಯ ಹತ್ತಿರದ ಶಾಖೆಯಲ್ಲಿ. ಹೋದ ಸಲ ಅದು ಮುಗಿದಾಗ, ಹೊಸದಾಗಿ ಬಂದಿರುವ ಅಧಿಕಾರಿ ಹುಡುಗಿ ಅರ್ಜಿಯಲ್ಲಿ ಒಂದು ಕಡೆ ಬೆರಳಿಟ್ಟು ತೋರಿಸಿದಳು.

“ಸರ್, ಇಲ್ಲಿ ಆಟೋ ರಿನ್ಯೂವಲ್‌ಗೆ ಟಿಕ್ ಮಾಡ್ರಿ. ಅದು ತಾನ ಮುಂದುವರೀತದ. ಮತ್ತ ಮತ್ತ ನೀವು ಬ್ಯಾಂಕಿಗೆ ಬರೂದ ಬೇಕಾಗೂದಿಲ್ಲ.”

“ಅದಕ್ಕನ ಬ್ಯಾಡವಾ,” ಎಂದೆ.